ಕುಳಿತವನ ಹಸಿವು

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಅಂಕಗಳನ್ನೂ ಗಳಿಸಿದ್ದೇವೆ. ಆದರೆ ಊಟವನ್ನು ಬಲ್ಲವನೆಂದರೆ ಯಾರು? ಏನನ್ನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದನ್ನು ಅರಿತವನು ಎಂದು ಸಾಮಾನ್ಯವಾಗಿ ಅರ್ಥ ಹೇಳುವರು. ಹಾಗಾದರೆ ಎಷ್ಟು ತಿನ್ನಬೇಕೆಂಬುದನ್ನು ನಮಗೆ ತಿಳಿಸುವವರು ಯಾರು? ಹಸಿವೇ ತಿಳಿಸುತ್ತದೆ ಎಂಬುದು ಎಲ್ಲರ ಉತ್ತರ. ಹಸಿದಾಗ ಉಣ್ಣು, ಹಸಿವು ತೀರಿದಾಗ ಏಳು; ಇದಕ್ಕಿಂತ ಸುಲಭವಾದ ನಿಯಮವುಂಟೆ? ನಾನೂ ಹಾಗೆಯೇ ನಂಬಿದ್ದೆನು. ಈ ಕಾಲೇಜಿಗೆ ಸೇರಿದ ಎರಡು ವರ್ಷಗಳಲ್ಲಿ ಆ ನಂಬಿಕೆ ಸಡಿಲವಾಯಿತು. ಹಸಿವು ನಿಜವನ್ನೇ ಹೇಳಬೇಕಾದರೆ ಅದಕ್ಕೊಂದು ಷರತ್ತು ಉಂಟು. ಮೈ ಸ್ವಲ್ಪವಾದರೂ ದುಡಿದಿರಬೇಕು. ಕುಳಿತೇ ಇರುವವನ ಹಸಿವನ್ನು ನಂಬಲಾಗದು. ಇದೇ ಈ ಲೇಖನದ ಅಭಿಪ್ರಾಯ.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ನಮ್ಮದು ಹಳ್ಳಿ. ಮನೆಯಲ್ಲಿ ಎರಡು ಎಕರೆ ಹೊಲ, ನಾಲ್ಕು ರಾಸು. ಪ್ರೌಢಶಾಲೆ ಪಕ್ಕದ ಊರಿನಲ್ಲಿದ್ದುದರಿಂದ ಹೋಗಿ ಬರಲು ದಿನಕ್ಕೆ ಎಂಟು ಕಿಲೋಮೀಟರು ನಡೆಯಬೇಕಾಗಿತ್ತು. ಬೆಳಿಗ್ಗೆ ಕೊಟ್ಟಿಗೆಯ ಕೆಲಸ, ಸಂಜೆ ಹುಲ್ಲಿನ ಹೊರೆ. ಆಗ ನಾನೆಷ್ಟು ಉಣ್ಣುತ್ತಿದ್ದೆನೆಂಬುದಕ್ಕೆ ಯಾರೂ ಲೆಕ್ಕವಿಟ್ಟಿರಲಿಲ್ಲ. ಎರಡು ಮುದ್ದೆಯಾದ ಮೇಲೆ “ಇನ್ನೊಂದು ತುತ್ತು” ಎಂದು ಅಮ್ಮ ಬಲವಂತ ಮಾಡಿದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದೆನು. ಹೊಟ್ಟೆ ಸಾಕೆಂದರೆ ಸಾಕು, ಮತ್ತೆ ಮಾತಿರಲಿಲ್ಲ.

ಹಾಸ್ಟೆಲಿಗೆ ಬಂದ ಮೇಲೆ ದಿನಚರಿ ಬೇರೆಯಾಯಿತು. ಹಾಸ್ಟೆಲಿನಿಂದ ಕಾಲೇಜಿಗೆ ಐದು ನಿಮಿಷದ ದಾರಿ. ತರಗತಿಯಲ್ಲಿ ಬೆಂಚು, ವಾಚನಾಲಯದಲ್ಲಿ ಕುರ್ಚಿ, ಕೊಠಡಿಯಲ್ಲಿ ಮಂಚ. ಈ ಮೂರರ ನಡುವೆಯೇ ಹಗಲು ಕಳೆಯುತ್ತಿತ್ತು. ಸ್ಪರ್ಧಾತ್ಮಕ ಪರೀಕ್ಷೆಗೆಂದು ಓದು. ಓದು ಬೇಸರವಾದರೆ ಮೊಬೈಲು. ಕೆಲಸ ಅರ್ಧಕ್ಕಿಂತ ಕಡಿಮೆಯಾದ ಮೇಲೆ ಹಸಿವೂ ಅಷ್ಟು ಕಡಿಮೆಯಾಗಬೇಕಾದುದು ನ್ಯಾಯವಲ್ಲವೆ? ಆದರೆ ಆದುದು ಬೇರೆ. ಎಂಟೂವರೆಗೆ ತಿಂಡಿ ತಿಂದವನಿಗೆ ಹನ್ನೊಂದಕ್ಕೆ ಕ್ಯಾಂಟೀನಿನ ಬೋಂಡ ಬೇಕಾಗುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆ ಕಳೆಯುವುದರೊಳಗೆ ಬೇಕರಿಯ ಪಫ್ಸ್ ನೆನಪಾಗುತ್ತಿತ್ತು. ರಾತ್ರಿ ಹತ್ತಕ್ಕೆ ಖಾರದ ಪುರಿ. ಇದು ಬಾಯಿಚಪಲವೆಂದು ನೀವು ಹೇಳಬಹುದು. ನನಗೆ ಹಾಗೆ ತೋರುತ್ತಿರಲಿಲ್ಲ. ಹೊಟ್ಟೆ ನಿಜವಾಗಿಯೂ ಚುರುಗುಟ್ಟುತ್ತಿತ್ತು. ಒಂದೂವರೆ ವರ್ಷದಲ್ಲಿ ಏಳು ಕಿಲೋಗ್ರಾಂ ತೂಕ ಹೆಚ್ಚಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು.

ಕಳೆದ ವರ್ಷ ರಾಗಿ ಕಟಾವಿಗೆಂದು ಎರಡು ವಾರ ಊರಿಗೆ ಹೋಗಿದ್ದೆನು. ಮೊದಲೆರಡು ದಿನ ಸೊಂಟ ಎತ್ತಲಾಗಲಿಲ್ಲ. ನಾಲ್ಕನೆಯ ದಿನ ಒಂದು ವಿಶೇಷವನ್ನು ಗಮನಿಸಿದೆನು. ದಿನಕ್ಕೆ ಮೂರೇ ಸಲ ಹಸಿವಾಗುತ್ತಿತ್ತು. ಊಟವಾದೊಡನೆ ಅದು ಪೂರ್ತಿ ತೀರುತ್ತಿತ್ತು. ನಡುವೆ ತಿಂಡಿಯ ನೆನಪೇ ಬರುತ್ತಿರಲಿಲ್ಲ. ಇದನ್ನು ಅಜ್ಜಿಗೆ ಹೇಳಿದಾಗ ಆಕೆ ನಕ್ಕು, “ಗೇದ ಹೊಟ್ಟೆಗೆ ಅಳತೆ ಗೊತ್ತಿರ್ತದೆ ಕಣೋ ಮಗ, ಕುಂತ ಹೊಟ್ಟೆಗೆ ಎಲ್ಲಿ ಗೊತ್ತಾಯ್ತದೆ?” ಎಂದಳು. ಅಜ್ಜಿಯ ಮಾತು ಮಾತಿನ ಚಮತ್ಕಾರವೊ ಸತ್ಯವೊ ಎಂದು ಯೋಚಿಸುತ್ತ ಹಿಂದಿರುಗಿದೆನು. ಬಂದ ವಾರವೇ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರ ಮುಂದೆ ಈ ಸಂದೇಹವನ್ನಿಟ್ಟೆನು. ಅವರು, “ನಿನ್ನ ಪ್ರಶ್ನೆ ಹೊಸದಲ್ಲಪ್ಪ. ಬಂಗಾಳದ ಸೆಣಬಿನ ಗಿರಣಿಯಲ್ಲಿ ಇದನ್ನು ಎಂದೋ ಕೇಳಿದ್ದಾರೆ, ಹುಡುಕಿ ಓದು” ಎಂದರು. ಹುಡುಕಿ ಓದಿದುದರ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೀನ್ ಮೇಯರ್ ಎಂಬ ಆಹಾರ ವಿಜ್ಞಾನಿ ಇದ್ದರು. ಅವರು ರಾಯ್ ಮತ್ತು ಮಿತ್ರ ಎಂಬ ಇಬ್ಬರು ಸಹೋದ್ಯೋಗಿಗಳೊಡನೆ 1956ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಗೆ ಸೇರಿದ 213 ಮಂದಿ ಗಂಡಸರು ದಿನಕ್ಕೆ ಎಷ್ಟು ತಿನ್ನುವರು, ಎಷ್ಟು ತೂಗುವರು, ಎಂಥ ಕೆಲಸ ಮಾಡುವರು ಎಂಬುದನ್ನು ಅವರು ಅಳೆದು ನೋಡಿದರು. ಇದಕ್ಕೆ ಗಿರಣಿ ತಕ್ಕ ಸ್ಥಳವಾಗಿತ್ತು. ಇಡೀ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ಬಜಾರಿನ ಅಂಗಡಿಕಾರರು, ಮೇಜಿನ ಮುಂದಿನ ಗುಮಾಸ್ತರು, ಮಗ್ಗದ ಬಳಿ ನಿಲ್ಲುವ ನೇಕಾರರು, ಹೊರೆ ಹೊರುವ ಕೂಲಿಗಳು, ಕಲ್ಲಿದ್ದಲು ತುಂಬುವವರು, ಹೀಗೆ ಅತಿ ಹಗುರದಿಂದ ಅತಿ ಭಾರದವರೆಗೆ ಎಲ್ಲ ಬಗೆಯ ಕೆಲಸದವರೂ ಅಲ್ಲಿ ಒಂದೆಡೆ ದೊರೆಯುತ್ತಿದ್ದರು.

ಫಲಿತಾಂಶದ ಒಂದು ಭಾಗ ನಾವು ನಿರೀಕ್ಷಿಸುವಂಥದೇ. ಸಾಧಾರಣ ಕೆಲಸದಿಂದ ಭಾರದ ಕೆಲಸದ ಕಡೆಗೆ ಹೋದಂತೆ ಊಟ ಹೆಚ್ಚುತ್ತ ಹೋಯಿತು. ತೂಕ ಮಾತ್ರ ಹೆಚ್ಚಲಿಲ್ಲ. ಅಂದರೆ ಅವರ ಹಸಿವು ದುಡಿಮೆಗೆ ತಕ್ಕ ಲೆಕ್ಕವನ್ನು ಒಪ್ಪಿಸುತ್ತಿತ್ತು. ಆಶ್ಚರ್ಯವಿದ್ದುದು ಇನ್ನೊಂದು ತುದಿಯಲ್ಲಿ. ಕುಳಿತೇ ಇರುವವರ ಊಟ ಎಲ್ಲರಿಗಿಂತ ಕಡಿಮೆಯಾಗಿರಬೇಕಾಗಿತ್ತು. ಅದು ಹಗುರವಾದ ಕೆಲಸ ಮಾಡುವವರ ಊಟಕ್ಕಿಂತಲೂ ಹೆಚ್ಚಾಗಿತ್ತು. ಅವರ ತೂಕವೂ ಹೆಚ್ಚಾಗಿತ್ತು. ಈ ಸಂಬಂಧವನ್ನು ಗೆರೆಯಾಗಿ ಎಳೆದರೆ ಅದು ಇಂಗ್ಲಿಷಿನ ‘ಜೆ’ ಅಕ್ಷರವನ್ನು ಹೋಲುತ್ತದೆ: ಎಡಗಡೆ ಕುಳಿತವರ ಬಳಿ ಸ್ವಲ್ಪ ಮೇಲಿದ್ದು, ಹಗುರ ಕೆಲಸದವರ ಬಳಿ ಕೆಳಗಿಳಿದು, ಅಲ್ಲಿಂದ ಮುಂದೆ ದುಡಿಮೆಯೊಡನೆ ಏರುತ್ತ ಹೋಗುತ್ತದೆ. ದುಡಿಮೆ ಒಂದು ಮಿತಿಗಿಂತ ಕೆಳಗಿಳಿದರೆ ಹಸಿವು ಅದರ ಜೊತೆಗೆ ಇಳಿಯುವುದಿಲ್ಲ ಎಂಬುದೇ ಇದರ ತಾತ್ಪರ್ಯ.

ಇಲ್ಲಿ ಜಾಣರು ಒಂದು ಆಕ್ಷೇಪವನ್ನೆತ್ತಬಹುದು. ಅಂಗಡಿಕಾರನ ಕೈಯಲ್ಲಿ ಕಾಸಿದೆ, ಕೂಲಿಯ ಕೈಯಲ್ಲಿ ಇಲ್ಲ; ಕಾಸಿದ್ದವನು ಹೆಚ್ಚು ತಿಂದರೆ ಅದರಲ್ಲಿ ಆಶ್ಚರ್ಯವೇನು? ಆಕ್ಷೇಪ ಸರಿಯಾದುದೇ. ಆದರೆ ಮೇಯರ್ ಮತ್ತು ಅವರ ಸಂಗಡಿಗರು 1954ರಲ್ಲಿಯೇ ಇಲಿಗಳ ಮೇಲೆ ಇಂಥದೇ ಪರೀಕ್ಷೆಯನ್ನು ನಡೆಸಿದ್ದರು. ದಿನಕ್ಕೆ ಒಂದು ಗಂಟೆಯವರೆಗೆ ಓಡಿಸಿದ ಇಲಿಗಳು, ಪಂಜರದಲ್ಲಿ ಸುಮ್ಮನೆ ಬಿದ್ದಿದ್ದ ಇಲಿಗಳಿಗಿಂತ ತುಸು ಕಡಿಮೆಯನ್ನೇ ತಿಂದವು. ಅದಕ್ಕಿಂತ ಹೆಚ್ಚು ಓಡಿಸಿದಾಗ ಮಾತ್ರ ಆಹಾರ ಹೆಚ್ಚುತ್ತ ಹೋಯಿತು. ಇಲಿಗೆ ಗಲ್ಲಾಪೆಟ್ಟಿಗೆಯಿಲ್ಲವಷ್ಟೆ!

ಮನುಷ್ಯರ ಮೇಲೆಯೇ ಮಾಡಿದ ಪರೀಕ್ಷೆಗಳೂ ಉಂಟು. ಬ್ರಿಟನ್ನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ತೆಳ್ಳಗಿನ ಆರು ಮಂದಿ ಗಂಡಸರನ್ನು ಶರೀರದ ಶಾಖವ್ಯಯವನ್ನು ಅಳೆಯುವ ಕೋಣೆಯಲ್ಲಿ ಏಳೇಳು ದಿನ ಇರಿಸಿದರು. ಒಂದು ಸಲ ವ್ಯಾಯಾಮ ಉಂಟು, ಇನ್ನೊಂದು ಸಲ ಇಲ್ಲ. ಊಟ ಮಾತ್ರ ಎರಡು ಸಲವೂ ಬೇಕಾದಷ್ಟು. ವ್ಯಾಯಾಮ ನಿಂತ ವಾರದಲ್ಲಿ ಊಟ ಕಡಿಮೆಯಾಗಬೇಕಾಗಿತ್ತು, ಆಗಲಿಲ್ಲ. ಮಿಕ್ಕುದೆಲ್ಲ ಮೈಯಲ್ಲಿ ಕೊಬ್ಬಾಗಿ ಉಳಿಯತೊಡಗಿತು. ಅಮೆರಿಕದ ದಕ್ಷಿಣ ಕೆರೊಲಿನದಲ್ಲಿ 21ರಿಂದ 35 ವರ್ಷದ 421 ಮಂದಿಯನ್ನು ಒಂದು ವರ್ಷ ಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ನಮ್ಮ ವಯಸ್ಸಿನವರನ್ನೇ ಕುರಿತುದು. ಎಲ್ಲರಿಗಿಂತ ಕಡಿಮೆ ಓಡಾಡುವ ಗುಂಪಿನವರಲ್ಲಿಯೇ ತಿನ್ನುವ ಚಪಲ ಹೆಚ್ಚಾಗಿತ್ತು, ಕೊಬ್ಬೂ ಹೆಚ್ಚು ಸೇರಿತು. ಊಟವೂ ವ್ಯಯವೂ ಸರಿದೂಗಬೇಕಾದರೆ ದಿನಕ್ಕೆ ಸುಮಾರು 7,100 ಹೆಜ್ಜೆಗಳ ನಡಿಗೆಯಾದರೂ ಬೇಕೆಂದು ಅವರ ಲೆಕ್ಕ. ನಾನು ಮೊಬೈಲಿನಲ್ಲಿ ನನ್ನ ಹೆಜ್ಜೆಗಳನ್ನು ಎಣಿಸಿ ನೋಡಿದೆನು. ವಾಚನಾಲಯದ ದಿನಗಳಲ್ಲಿ ಅವು ಎರಡು ಸಾವಿರವನ್ನು ದಾಟಿರಲಿಲ್ಲ.

ಇದೇಕೆ ಹೀಗೆ? ಶರೀರದಲ್ಲಿ ಹಸಿವಿನ ಸುದ್ದಿಯನ್ನು ಒಯ್ಯುವ ರಸಗಳುಂಟು. ಕೊಬ್ಬಿನಿಂದ ಹೊರಟು ಮಿದುಳಿಗೆ “ಸಾಕಷ್ಟು ಶೇಖರಣೆಯಿದೆ” ಎಂದು ತಿಳಿಸುವ ಲೆಪ್ಟಿನ್ 1994ರಲ್ಲಿ ಪತ್ತೆಯಾಯಿತು. ಜಠರದಿಂದ ಹೊರಟು “ಇನ್ನು ಉಣ್ಣು” ಎನ್ನುವ ಘ್ರೆಲಿನ್ ಅನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಬಿರುಸಾಗಿ ಓಡಿದ ಮೇಲೆ ಸ್ವಲ್ಪ ಹೊತ್ತು ಹಸಿವೆನಿಸದಿರುವುದು ನಮಗೆಲ್ಲ ಅನುಭವದ ಮಾತು. ಆಗ ರಕ್ತದಲ್ಲಿ ಘ್ರೆಲಿನ್ ಕೆಲಕಾಲ ಇಳಿದಿರುತ್ತದೆ. ಇದಕ್ಕಿಂತ ಮುಖ್ಯವಾದುದು ಅಭ್ಯಾಸದ ಫಲ. ಇಂಗ್ಲೆಂಡಿನಲ್ಲಿ 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಊಟಕ್ಕೆ ಮೊದಲು ಕೆಲವರಿಗೆ ಶಕ್ತಿ ಹೆಚ್ಚಿರುವ ಪಾನೀಯವನ್ನು ಒಮ್ಮೆ, ಕಡಿಮೆಯಿರುವುದನ್ನು ಇನ್ನೊಮ್ಮೆ ಕೊಟ್ಟರು. ನಿತ್ಯವೂ ವ್ಯಾಯಾಮ ಮಾಡುವವರು ಹೆಚ್ಚು ಕುಡಿದ ದಿನ ತಾವಾಗಿಯೇ ಕಡಿಮೆ ಉಂಡರು. ವ್ಯಾಯಾಮವಿಲ್ಲದವರಿಗೆ ಆ ಭೇದವೇ ತಿಳಿಯಲಿಲ್ಲ; ಎರಡು ದಿನವೂ ಹೆಚ್ಚುಕಡಿಮೆ ಒಂದೇ ಸಮ ಉಂಡರು. ಅಜ್ಜಿ ಹೇಳಿದ ಅಳತೆಯೆಂದರೆ ಇದೇ ಎಂದು ನನಗೆ ತೋರುತ್ತದೆ.

ವಿದ್ಯಾರ್ಥಿಗಳಾದ ನಮಗೆ ಇನ್ನೊಂದು ತೊಡಕೂ ಉಂಟು. ಓದುವುದು ಬಹಳ ಆಯಾಸದ ಕೆಲಸ, ಆದುದರಿಂದ ಹಸಿವಾಗುವುದು ಸಹಜ ಎಂದು ನಾವು ಹೇಳಿಕೊಳ್ಳುತ್ತೇವೆ. ಕೆನಡಾ ದೇಶದ ಲವಾಲ್ ವಿಶ್ವವಿದ್ಯಾನಿಲಯದವರು 2008ರಲ್ಲಿ ಇದನ್ನೂ ತೂಗಿ ನೋಡಿದರು. 14 ಮಂದಿ ವಿದ್ಯಾರ್ಥಿಗಳು 45 ನಿಮಿಷ ಒಮ್ಮೆ ಸುಮ್ಮನೆ ಕುಳಿತರು; ಒಮ್ಮೆ ಪಾಠವನ್ನೋದಿ ಸಾರಾಂಶ ಬರೆದರು; ಮತ್ತೊಮ್ಮೆ ಕಂಪ್ಯೂಟರಿನಲ್ಲಿ ಪರೀಕ್ಷೆಗಳನ್ನು ಬರೆದರು. ಓದು ಬರೆಹಕ್ಕೆ ವೆಚ್ಚವಾದುದು ಸುಮ್ಮನೆ ಕುಳಿತುದಕ್ಕಿಂತ ಮೂರು ಕ್ಯಾಲೊರಿ ಮಾತ್ರ ಹೆಚ್ಚು. ಆದರೆ ಅನಂತರ ಬೇಕಾದಷ್ಟು ತಿನ್ನಲು ಬಿಟ್ಟಾಗ ಸಾರಾಂಶ ಬರೆದವರು 203 ಕ್ಯಾಲೊರಿ, ಪರೀಕ್ಷೆ ಬರೆದವರು 253 ಕ್ಯಾಲೊರಿ ಹೆಚ್ಚು ತಿಂದರು! ಮೂರು ರೂಪಾಯಿ ಖರ್ಚು ಮಾಡಿ ಇನ್ನೂರ ಐವತ್ತಕ್ಕೆ ಬಿಲ್ಲು ಸಲ್ಲಿಸುವ ಗುಮಾಸ್ತನನ್ನು ಯಾವ ಕಚೇರಿಯಾದರೂ ಇಟ್ಟುಕೊಂಡೀತೆ? ನಾವು ಮಾತ್ರ ಅಂಥವನ ಬಿಲ್ಲನ್ನು ದಿನಕ್ಕೆರಡು ಸಲ ಕ್ಯಾಂಟೀನಿನಲ್ಲಿ ಪಾಸು ಮಾಡುತ್ತಿದ್ದೇವೆ.

ಲೆಕ್ಕವನ್ನು ನಮ್ಮ ದೇಶದ ಅಳತೆಯಲ್ಲಿಯೇ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ತಿಳಿಸಿರುವಂತೆ, ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ ಸಾಕು. ಸಾಧಾರಣ ದುಡಿಮೆಯವನಿಗೆ 2,710 ಬೇಕು. ಹೆಂಗಸರಿಗೆ ಈ ಅಂಕಿಗಳು 1,660 ಮತ್ತು 2,130. ಗಂಡಸರ ಲೆಕ್ಕದಲ್ಲಿ ವ್ಯತ್ಯಾಸ ದಿನಕ್ಕೆ 600 ಕ್ಯಾಲೊರಿ, ಅಂದರೆ ಸುಮಾರು 170 ಗ್ರಾಂ ಅಕ್ಕಿಯ ಅನ್ನ. ಹೊಲ ಬಿಟ್ಟು ಹಾಸ್ಟೆಲಿಗೆ ಬಂದ ಹುಡುಗ ಅಷ್ಟು ಅನ್ನವನ್ನು ಬಿಡಬೇಕು. ಅವನ ಹಸಿವು ಬಿಡು ಎನ್ನುವುದಿಲ್ಲ. ಮೇಲೊಂದು ಬೋಂಡವನ್ನು ಕೇಳುತ್ತದೆ.

ಇದರ ಫಲ ನಮ್ಮ ಕಣ್ಣ ಮುಂದೆಯೇ ಇದೆ. ನನ್ನ ಕೊಠಡಿಯ ಗೆಳೆಯನೊಬ್ಬ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದನು. ಎರಡು ವರ್ಷ ವಾಚನಾಲಯದ ಕುರ್ಚಿ ಸವೆಸಿ ಗಳಿಸಿದ ಅಂಕಗಳವು. ಓಟದ ಪರೀಕ್ಷೆಯಲ್ಲಿ ಮೂರನೆಯ ಸುತ್ತಿಗೆ ಕುಸಿದು ಕುಳಿತನು. ಊರಿನಲ್ಲಿ ಹೋರಿಯ ಹಿಂದೆ ಓಡಿ ಬೆಳೆದ ಹುಡುಗನವನು. ಅಂದು ರಾತ್ರಿ ಅವನು ತಂದೆಗೆ ಫೋನು ಮಾಡಿ ಸುದ್ದಿ ಹೇಳಿದುದನ್ನು ಪಕ್ಕದ ಮಂಚದಲ್ಲಿ ಕೇಳುತ್ತ ಮಲಗಿದ್ದೆನು. ಆ ಮೇಲೆ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಉದ್ಯೋಗದ ಮಾತು ಹಾಗಿರಲಿ, ಆರೋಗ್ಯದ ಮಾತು ಇನ್ನೂ ಗಂಭೀರವಾದುದು. ಭಾರತದಲ್ಲಿ ಸಕ್ಕರೆ ಕಾಯಿಲೆಯುಳ್ಳವರು 10 ಕೋಟಿಗೂ ಹೆಚ್ಚೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಆ ಕಾಯಿಲೆ ನಲವತ್ತರಲ್ಲಿ ಕಾಣಿಸಿಕೊಂಡರೂ ಅದರ ಬಿತ್ತನೆ ಅನೇಕರಲ್ಲಿ ನಮ್ಮ ವಯಸ್ಸಿನಲ್ಲಿಯೇ ಆಗುತ್ತದೆ.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಯ ಮಾತುಗಳು ಅವಶ್ಯ. ಮೊದಲನೆಯದು, ನಮ್ಮ ಕಾಲೇಜಿನಲ್ಲಿ ಎಲ್ಲರ ಕಷ್ಟವೂ ಹೆಚ್ಚು ತಿನ್ನುವುದಲ್ಲ. ಬೆಳಗಿನ ಆರು ಗಂಟೆಯ ಬಸ್ಸಿಗೆ ಬರಿಹೊಟ್ಟೆಯಲ್ಲಿ ಹತ್ತಿ, ಮಧ್ಯಾಹ್ನದವರೆಗೆ ನೀರು ಕುಡಿದು ಪಾಠ ಕೇಳುವವರು ನಮ್ಮಲ್ಲಿದ್ದಾರೆ. ಅವರ ಹಸಿವು ಸತ್ಯವಾದುದು. ಅದಕ್ಕೆ ಊಟವೇ ಉತ್ತರ, ವ್ಯಾಯಾಮದ ಉಪದೇಶವಲ್ಲ. ಎರಡನೆಯದು, ದಪ್ಪಗಿರುವ ಗೆಳೆಯನನ್ನು ಹಾಸ್ಯ ಮಾಡುವುದು, ಒಪ್ಪೊತ್ತು ಊಟ ಬಿಡೆಂದು ಬೋಧಿಸುವುದು ಎರಡೂ ತಪ್ಪು. ತನಗಾಗುವ ಹಸಿವಿಗೆ ಅವನು ಉಣ್ಣುತ್ತಾನೆ. ಆ ಹಸಿವಿನ ಅಳತೆ ಕೆಟ್ಟಿದ್ದರೆ ಅದನ್ನು ಕೆಡಿಸಿದುದು ನಾವೆಲ್ಲರೂ ಸೇರಿ ಒಪ್ಪಿಕೊಂಡಿರುವ ಈ ಕುಳಿತ ಬಾಳು. ಊಟವನ್ನು ಕಡಿಮೆ ಮಾಡೆಂದು ಹೇಳುವ ಮೊದಲು ಅವನಿಗೆ ಎದ್ದು ಓಡಾಡಲು ಅವಕಾಶವುಂಟೆ ಎಂದು ಕೇಳಬೇಕು.

ಅವಕಾಶವುಂಟೆ? ನಮ್ಮ ಆಟದ ಮೈದಾನದ ಅರ್ಧ ಭಾಗ ವಾಹನಗಳ ನಿಲ್ದಾಣವಾಗಿದೆ. ಉಳಿದರ್ಧದಲ್ಲಿ ಕ್ರಿಕೆಟ್ ತಂಡದ ಹನ್ನೊಂದು ಮಂದಿ ಆಡುವರು, ಇನ್ನೂರು ಮಂದಿ ಕುಳಿತು ನೋಡುವರು. ವೇಳಾಪಟ್ಟಿಯಲ್ಲಿ ‘ಕ್ರೀಡೆ’ ಎಂದು ಬರೆದಿರುವ ಅವಧಿಯಲ್ಲಿ, ಮುಗಿಯದ ಪಾಠಗಳನ್ನು ಮುಗಿಸುವ ಪದ್ಧತಿ ಬೆಳೆದಿದೆ. ನಮ್ಮ ಊರಿನ ಹಳೆಯ ಗರಡಿಯ ಬಾಗಿಲಿಗೆ ಬೀಗ ಬಿದ್ದಿದೆ. ಸೋದರಿಯರ ಪಾಡಂತೂ ಹೇಳುವಂತಿಲ್ಲ. ಮೈದಾನಕ್ಕಿಳಿದರೆ ನೂರು ಕಣ್ಣು, ಸಂಜೆ ಆರಕ್ಕೆ ಹಾಸ್ಟೆಲಿನ ಗೇಟು ಬಂದ್. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ 2022ರಲ್ಲಿ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲದವರಾಗಿದ್ದರೆಂದೂ, ಅದು ಗಂಡಸರಲ್ಲಿ ನೂರಕ್ಕೆ 42 ಆಗಿದ್ದರೆ ಹೆಂಗಸರಲ್ಲಿ 57 ಆಗಿತ್ತೆಂದೂ 2024ರ ಒಂದು ವರದಿ ಹೇಳಿತು. ಇದಕ್ಕೆ ಅವರ ಸೋಮಾರಿತನ ಕಾರಣವೆ, ಆ ಗೇಟು ಕಾರಣವೆ ಎಂಬುದನ್ನು ವಾಚಕರೇ ಯೋಚಿಸಲಿ.

ನನ್ನ ಸಲಹೆಗಳು ದೊಡ್ಡವಲ್ಲ. ಯಾವ ಅನುದಾನವನ್ನೂ ಬೇಡುವುದಿಲ್ಲ. ಕ್ರೀಡೆಯ ಅವಧಿಯನ್ನು ಕ್ರೀಡೆಗೇ ಬಿಡಬೇಕು. ಆ ಹೊತ್ತಿನಲ್ಲಿ ತಂಡದ ಆಟಗಾರರು ಮಾತ್ರವಲ್ಲದೆ ಉಳಿದವರೂ ಕಬಡ್ಡಿ, ಖೋಖೋ, ಓಟ, ಕೊನೆಗೆ ಬಿರುಸಿನ ನಡಿಗೆಯನ್ನಾದರೂ ಮಾಡಬೇಕು. ವಾಹನಗಳು ಬೇರೆ ಕಡೆ ನಿಲ್ಲಲಿ. ವಾರದಲ್ಲಿ ಮೂರು ಸಂಜೆ ಮೈದಾನ ವಿದ್ಯಾರ್ಥಿನಿಯರಿಗೆಂದೇ ಮೀಸಲಾಗಲಿ, ಅಂದು ಅವರ ಹಾಸ್ಟೆಲಿನ ಗೇಟು ಒಂದು ಗಂಟೆ ತಡವಾಗಿ ಮುಚ್ಚಲಿ. ವಾಚನಾಲಯದಲ್ಲಿ ಮುಕ್ಕಾಲು ಗಂಟೆಗೊಮ್ಮೆ ಎದ್ದು ಕಟ್ಟಡವನ್ನು ಒಂದು ಸುತ್ತು ಹಾಕುವ ರೂಢಿಯನ್ನು ನಾವೇ ಮಾಡಿಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ. ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಆಗುವುದಿಲ್ಲ. ಪೂಜ್ಯ ಅಧ್ಯಾಪಕರೂ ಒಮ್ಮೊಮ್ಮೆ ನಮ್ಮೊಡನೆ ಮೈದಾನಕ್ಕಿಳಿದರೆ ನಮಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ. ಅಧ್ಯಾಪಕರ ಕೊಠಡಿಯ ಕುರ್ಚಿಗಳೂ ನಮ್ಮ ಬೆಂಚುಗಳಷ್ಟೇ ಅಪಾಯಕಾರಿ ಎಂಬುದನ್ನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ನಡೆದರೆ ಕರಗುವುದು ಎಷ್ಟು, ಒಂದು ಕಿಲೋಮೀಟರು ನಡೆದುದನ್ನು ಒಂದು ಬೋಂಡ ನುಂಗಿಬಿಡುತ್ತದಲ್ಲ ಎಂದು ಕೆಲವರು ನಗುವರು. ಅವರ ಲೆಕ್ಕ ಸುಳ್ಳಲ್ಲ. ವ್ಯಾಯಾಮದಿಂದ ಮಾತ್ರ ತೂಕ ಇಳಿಸುತ್ತೇನೆಂದು ಹೊರಟವರು ಬಹುಮಟ್ಟಿಗೆ ನಿರಾಶರಾಗುವರು. ಆದರೆ ನಡಿಗೆಯ ಲಾಭವಿರುವುದು ಕರಗುವುದರಲ್ಲಿ ಮಾತ್ರವಲ್ಲ. ಆ ಎರಡನೆಯ ಬೋಂಡ ಬೇಕೊ ಬೇಡವೊ ಎಂಬುದನ್ನು ಹೊಟ್ಟೆಯೇ ಸರಿಯಾಗಿ ಹೇಳುವಂತಾಗುವುದು ಅದರ ದೊಡ್ಡ ಲಾಭ. ಕಳೆದ ಐದು ತಿಂಗಳಿಂದ ನಾನೂ ನನ್ನ ಗೆಳೆಯನೂ ಬೆಳಿಗ್ಗೆ ಐದೂವರೆಗೆ ಎದ್ದು ಕೆರೆಯ ಏರಿಯ ಮೇಲೆ ಓಡುತ್ತಿದ್ದೇವೆ. ತೂಕ ಇಳಿದಿರುವುದು ಎರಡೇ ಕಿಲೋಗ್ರಾಂ. ಆದರೆ ಹನ್ನೊಂದು ಗಂಟೆಯ ಹಸಿವು ಹೋಗಿದೆ. ಊಟದ ಹೊತ್ತಿಗೆ ಬರುವ ಹಸಿವು ಊಟದೊಡನೆಯೇ ತೀರುತ್ತದೆ. ಗೆಳೆಯ ಮುಂದಿನ ನೇಮಕಾತಿಗೆ ಮತ್ತೆ ಅರ್ಜಿ ಹಾಕುವವನಿದ್ದಾನೆ; ಈಗ ಅವನು ಏರಿಯ ಆ ತುದಿಯವರೆಗೆ ನಿಲ್ಲದೆ ಓಡಬಲ್ಲನು.

“ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು” ಎಂಬ ಇನ್ನೊಂದು ಗಾದೆಯುಂಟು. ಅದು ಹಣದ ವಿಷಯವೆಂದು ಮೇಷ್ಟರು ಹೇಳಿಕೊಟ್ಟಿದ್ದರು. ಹೊಟ್ಟೆಯ ವಿಷಯಕ್ಕೂ ಅದು ಅಷ್ಟೇ ಸಲ್ಲುತ್ತದೆ ಎಂದು ಈಗ ನನಗೆ ತೋರುತ್ತದೆ. ನಾಳೆ ಬೆಳಿಗ್ಗೆ ಕೆರೆಯ ಏರಿಗೆ ಬರುವ ಮನಸ್ಸುಳ್ಳವರು ಹಾಸ್ಟೆಲಿನ ಬಾಗಿಲಲ್ಲಿ ಐದೂವರೆಗೆ ನಮ್ಮನ್ನು ಸೇರಬಹುದೆಂದು ತಿಳಿಸಿ ಈ ಲೇಖನವನ್ನು ಮುಗಿಸುತ್ತೇನೆ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ